ಹುಣಸೆಮರದ ಕೆಳಗಿನ ಹತ್ತೊಂಬತ್ತು ಮನೆ

ಆ ಕಾಗದ ಬಂದಾಗ ನಾನು ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ತಾಲ್ಲೂಕು ಕಚೇರಿಯ ಜವಾನರು ಬಾಗಿಲಲ್ಲೇ ನಿಂತು ಸಹಿ ಹಾಕಿಸಿಕೊಂಡು, ನೀರು ಕುಡಿದು ಹೋದರು. ಲಕೋಟೆಯೊಳಗೆ ಎರಡು ಹಾಳೆ. ಮೊದಲನೆಯದರಲ್ಲಿ ಕಾರೆಹಟ್ಟಿಯ ಹತ್ತೊಂಬತ್ತು ಮನೆಗಳ ಪಟ್ಟಿ, ಪ್ರತಿ ಮನೆಯ ಮತದಾರರ ಹೆಸರು, ಕ್ರಮಸಂಖ್ಯೆ. ಎರಡನೆಯದರಲ್ಲಿ ನಾಲ್ಕು ಸಾಲು: ಮೇಲ್ಕಂಡ ಮನೆಗಳು ಈ ವಿಧಾನಸಭಾ ಕ್ಷೇತ್ರದ ಗಡಿಯ ಹೊರಗಿರುವುದು ಕಂಡುಬಂದಿರುತ್ತದೆ, ಮತಗಟ್ಟೆ ಅಧಿಕಾರಿಯು ಸ್ಥಳ ಪರಿಶೀಲಿಸಿ ಸದರಿ ಮತದಾರರು ಸ್ಥಳಾಂತರಗೊಂಡಿದ್ದು ತಮ್ಮ ಭಾಗದಲ್ಲಿ ವಾಸವಿಲ್ಲವೆಂದು ಎರಡು ವಾರದೊಳಗೆ ವರದಿ ನೀಡತಕ್ಕದ್ದು.

ಪರಿಶೀಲಿಸಿ ವರದಿ ಕೊಡಿ ಎಂದಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಪರಿಶೀಲಿಸಿದ ಮೇಲೆ ಏನು ಬರೆಯಬೇಕು ಎನ್ನುವುದನ್ನೂ ಅವರೇ ಬರೆದು ಕಳಿಸಿದ್ದರು. ಉತ್ತರ ನೋಡಿಕೊಂಡು ಲೆಕ್ಕ ಮಾಡಬೇಡಿ ಎಂದು ಕೆಲಸಕ್ಕೆ ಸೇರಿದ ದಿನದಿಂದ ಮಕ್ಕಳನ್ನು ಗದರುತ್ತ ಬಂದವಳು ನಾನು. ಆ ಹಾಳೆಯನ್ನು ಹಾಜರಿ ಪುಸ್ತಕದೊಳಗೆ ಇಟ್ಟು ಮತ್ತೆ ಭಾಗಾಕಾರಕ್ಕೆ ಹೋದೆ. ಆವತ್ತು ಮಕ್ಕಳು ಹೇಳಿದ ಉತ್ತರ ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮದು ಇಬ್ಬರು ಶಿಕ್ಷಕರ ಸರ್ಕಾರಿ ಶಾಲೆ. ನಾನು ಮುಖ್ಯ ಶಿಕ್ಷಕಿ, ಅದರ ಜೊತೆಗೆ ಈ ಊರಿನ ಮತಗಟ್ಟೆ ಅಧಿಕಾರಿ. ಅಧಿಕಾರಿ ಎನ್ನುವುದು ಹೆಸರಿಗೆ. ಸತ್ತವರ ಹೆಸರು ತೆಗೆಯುವುದು, ಹದಿನೆಂಟು ತುಂಬಿದವರ ಹೆಸರು ಸೇರಿಸುವುದು, ಮದುವೆಯಾಗಿ ಹೋದವರನ್ನು ಕಳಿಸಿಕೊಡುವುದು, ಬಂದವರನ್ನು ಬರಮಾಡಿಕೊಳ್ಳುವುದು, ಇಷ್ಟೇ ಕೆಲಸ. ನಮ್ಮ ತಾಲ್ಲೂಕು ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ಒಂದಕ್ಕೊಂದು ಮೈ ತಾಗಿಸಿಕೊಂಡಿರುವ ಸೀಮೆಯಲ್ಲಿ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಇಲ್ಲಿ ಒಂದೇ ತೋಟದ ಮೂಡಲ ಸಾಲಿನ ತೆಂಗು ಒಬ್ಬ ಶಾಸಕರಿಗೆ, ಪಡುವಲ ಸಾಲಿನದು ಇನ್ನೊಬ್ಬರಿಗೆ ಸೇರಿರುತ್ತದೆ. ಕಾಯಿ ಕೆಡವುವವನು ಒಂದು ಮರ ಇಳಿದು ಇನ್ನೊಂದು ಮರ ಹತ್ತುವಷ್ಟರಲ್ಲಿ ಕ್ಷೇತ್ರ ದಾಟಿರುತ್ತಾನೆ.

ಮೊದಲು ಹೀಗಿರಲಿಲ್ಲ. ಕಳೆದ ಸಲ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸುವವರೆಗೆ ಕಾರೆಹಟ್ಟಿಯ ಈಚೆಯ ಹೋಬಳಿ, ಆಚೆಯ ಹೋಬಳಿ ಎರಡೂ ಒಂದೇ ಕ್ಷೇತ್ರದಲ್ಲಿದ್ದವು. ಆಮೇಲೆ ಹೋಬಳಿ ಲೆಕ್ಕದಲ್ಲಿ ಕತ್ತರಿಸಿದರು. ಆಚೆಯ ಹೋಬಳಿ ಇನ್ನೊಂದು ಕ್ಷೇತ್ರಕ್ಕೆ ಹೋಯಿತು, ನಾವು ಇದ್ದಲ್ಲೇ ಉಳಿದೆವು. ಅಲ್ಲಿಯವರೆಗೆ ಕಂದಾಯದವರಿಗೆ ಬಿಟ್ಟು ಬೇರೆ ಯಾರಿಗೂ ಬೇಡವಾಗಿದ್ದ ಹೋಬಳಿಯ ಗಡಿ ಒಂದೇ ದಿನದಲ್ಲಿ ವಿಧಾನಸಭಾ ಕ್ಷೇತ್ರದ ಗಡಿಯಾಯಿತು. ಆ ಗಡಿಯ ಅಂಚಿನಲ್ಲೇ ಕಾರೆಹಟ್ಟಿ ಇರುವುದು. ಕುರಿ ಸಾಕುವ ಮನೆತನಗಳು, ಸುತ್ತ ಕಾರೆಮುಳ್ಳಿನ ಬೇಲಿ, ಮೂಡಲಿಗೊಂದು ಪಡುವಲಿಗೊಂದು ತಡಿಕೆಯ ಬಾಗಿಲು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ತಾಲ್ಲೂಕು ಕಚೇರಿಗೆ ಹೋದೆ. ಚುನಾವಣಾ ಶಾಖೆಯ ಶಿರಸ್ತೇದಾರರು ಒಳ್ಳೆಯ ಮನುಷ್ಯರೇ. ಕೂರಿಸಿ ಟೀ ತರಿಸಿದರು. ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದರು. ಹೊಸ ನಕ್ಷೆಯ ಮೇಲೆ ಕ್ಷೇತ್ರದ ಗಡಿ ಕೆಂಪಾಗಿ ಕಾಣುತ್ತಿತ್ತು. ನಮ್ಮ ಮತದಾರರ ಮನೆಗಳೆಲ್ಲ ಹಸಿರು ಚುಕ್ಕೆಗಳು. ಕಾರೆಹಟ್ಟಿಯ ಒಂದಷ್ಟು ಚುಕ್ಕೆಗಳು ಗೆರೆಯ ಈಚೆಗಿದ್ದವು, ಹತ್ತೊಂಬತ್ತು ಗೆರೆಯ ಆಚೆಗೆ. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಈಗ ಯಂತ್ರವೇ ಹುಡುಕಿಕೊಟ್ಟಿದೆ ಎಂದರು.

ಆ ಮನೆಗಳು ನಿಜವಾಗಿ ಆಚೆಗಿದ್ದರೆ ಅಲ್ಲಿನ ಪಟ್ಟಿಗೆ ಹೋಗಲಿ, ನನ್ನದೇನೂ ತಕರಾರಿಲ್ಲ, ಆದರೆ ಅಲ್ಲಿ ಸೇರಿದ ಮೇಲೆ ಇಲ್ಲಿ ತೆಗೆಯೋಣ ಎಂದೆ. ಅವರು ನಕ್ಕರು.

"ಮೇಡಂ, ಮೊದ್ಲು ಇಲ್ಲಿ ತೆಗೀಬೇಕು. ಆಮೇಲೆ ಅವ್ರು ಅಲ್ಲಿ ಹೆಸ್ರು ಸೇರ್ಸೋಕೆ ಫಾರಂ ಆರು ಕೊಟ್ಕೋತಾರೆ. ನೀವ್ ಒಂದ್ ಸಹಿ ಹಾಕಿ ಕೈ ತೊಳ್ಕೊಳ್ರೀ."

ಕೈ ತೊಳೆದುಕೊಳ್ಳುವುದು ನನಗೂ ಇಷ್ಟವೇ. ನಿವೃತ್ತಿಗೆ ಇನ್ನೆರಡು ವರ್ಷ, ಬಲಗಾಲಿನ ಹಿಮ್ಮಡಿಯಲ್ಲಿ ಬಿಡದ ನೋವು, ಮನೆಯಲ್ಲಿ ಎರಡು ಹಸು. ಆದರೂ ಸಹಿ ಹಾಕುವ ಮೊದಲು ಆಚೆ ಕಡೆಯವರನ್ನು ಒಂದು ಮಾತು ಕೇಳಿಬಿಡೋಣ ಅನ್ನಿಸಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಆಚೆಯ ಹೋಬಳಿಯ ಮತಗಟ್ಟೆ ಅಧಿಕಾರಿಯ ಮನೆಗೆ ಹೋದೆ. ಅಂಗನವಾಡಿ ಕಾರ್ಯಕರ್ತೆ, ನನಗಿಂತ ಕಿರಿಯಳು. ನಾನು ಪಟ್ಟಿ ತೋರಿಸಿದ ಕೂಡಲೇ ಕೈಮುಗಿದಳು. "ಅಕ್ಕ, ಕಾರೆಹಟ್ಟಿ ನಮ್ ಊರಿನ ನಕಾಶೇಲೇ ಇಲ್ಲ ಕಣಕ್ಕ. ಗಡಿಯಿಂದೀಚೆಗೆ ನಮ್ಮಲ್ಲಿರೋದು ಬರೀ ಗೋಮಾಳ. ಒಂದು ಮನೆ ನಂಬರೂ ಇಲ್ಲ. ನಾನ್ ಹೆಂಗೆ ಸೇರಿಸ್ಲಿ?" ಎಂದಳು. ಅವಳ ಮಾತಿನ ಮೇಲಷ್ಟೇ ನಿಲ್ಲಬಾರದೆಂದು ಅವಳನ್ನೇ ಕರೆದುಕೊಂಡು ಅವರ ಕಚೇರಿಗೂ ಹೋದೆ. ಅಲ್ಲಿಯ ಗುಮಾಸ್ತರು ಗ್ರಾಮನಕಾಶೆ ಬಿಚ್ಚಿ ನೋಡಿ, ನಮ್ಮ ಹೋಬಳಿಯಲ್ಲಿ ಈ ಹೆಸರಿನ ಹಟ್ಟಿ ಇಲ್ಲ, ಇಲ್ಲದ ಹಟ್ಟಿಯವರನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದರು. ಬರೆದುಕೊಡಿ ಎಂದೆ. ಬರೆದುಕೊಡಲು ಬರುವುದಿಲ್ಲ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಬಿಡಿಸಿಕೊಂಡೆ. ಇಲ್ಲಿ ತೆಗೆಯುತ್ತಾರೆ, ಅಲ್ಲಿ ಸೇರಿಸುವುದಿಲ್ಲ. ಹತ್ತೊಂಬತ್ತು ಮನೆಯ ಜನ ಯಾವ ಕ್ಷೇತ್ರಕ್ಕೂ ಸೇರದೆ ಉಳಿಯುತ್ತಾರೆ. ಓಟು ಹೋದರೆ ಹೋಗಲಿ ಎನ್ನುವವರಿಗೆ ನಾನು ಹೇಳುವುದು ಇಷ್ಟು: ಆ ಹಟ್ಟಿಗೆ ಕರೆಂಟು ಕಂಬ ಬಂದದ್ದು, ಬೋರಿಗೆ ಮೋಟರು ಇಳಿದದ್ದು, ಎಲ್ಲವೂ ಯಾರೋ ಒಬ್ಬರು ಓಟು ಕೇಳಲು ಬಂದಾಗ ಹಟ್ಟಿಯವರು ಅಡ್ಡ ನಿಂತು ಕೇಳಿದ್ದರಿಂದ. ಓಟಿಲ್ಲದ ಹಟ್ಟಿಯ ಮುಂದೆ ಯಾವ ಜೀಪೂ ನಿಲ್ಲುವುದಿಲ್ಲ. ಸಹಿ ಹಾಕುವುದಿಲ್ಲ ಎಂದು ಆ ಬಸ್ಸಿನಲ್ಲೇ ತೀರ್ಮಾನಿಸಿದೆ.

ತೀರ್ಮಾನಿಸುವುದು ಸುಲಭ. ಯಾಕೆ ಹಾಕುವುದಿಲ್ಲ ಎಂದು ಬರೆಯಬೇಕಲ್ಲ. ನನ್ನ ಕಣ್ಣಿಗೆ ಆ ಮನೆಗಳು ನಮ್ಮ ಊರಿನವೇ. ಯಂತ್ರದ ಕಣ್ಣಿಗೆ ಅಲ್ಲ. ಶಾಲೆಯ ಬೀರುವಿನ ತಳದಲ್ಲಿ ಹಳೆಯ ಮತದಾರರ ಪಟ್ಟಿಗಳನ್ನು ನನಗಿಂತ ಹಿಂದಿದ್ದ ಮೇಷ್ಟ್ರು ದಾರ ಹಾಕಿ ಕಟ್ಟಿಟ್ಟಿದ್ದರು. ಭಾನುವಾರ ಪೂರ್ತಿ ಅವುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಹಳೆಯ ಪಟ್ಟಿಯಲ್ಲಿ ಕಾರೆಹಟ್ಟಿ ಆಚೆ ಊರುಗಳ ಜೊತೆ ಒಂದೇ ಭಾಗದಲ್ಲಿತ್ತು. ಅದರ ನಂತರದ್ದರಲ್ಲಿ ಆಚೆ ಊರುಗಳು ಬಿಟ್ಟುಹೋಗಿ ಹಟ್ಟಿ ಮಾತ್ರ ನಮ್ಮ ಊರಿನ ಬಾಲಕ್ಕೆ ಅಂಟಿಕೊಂಡಿತ್ತು. ಅಷ್ಟರವರೆಗೂ ಮನೆ ನಂಬರು ಒಂದರಿಂದ ಕೊನೆಯವರೆಗೆ ಸಾಲಾಗಿ, ಹಟ್ಟಿಯನ್ನು ಒಂದು ಸುತ್ತು ಹಾಕಿದಂತೆ ನಡೆದಿದ್ದವು. ನನ್ನ ಕಾಲಕ್ಕೆ ಬಂದರೆ ಎರಡು ಗುಂಪು. ಒಂದು ಗುಂಪು ಮೂಡಲ ಬಾಗಿಲ ಮನೆಗಳು, ಇನ್ನೊಂದು ಪಡುವಲ ಬಾಗಿಲ ಮನೆಗಳು. ಪಡುವಲ ಗುಂಪಿನಲ್ಲಿ ಸರಿಯಾಗಿ ಹತ್ತೊಂಬತ್ತು ಮನೆ. ಯಾಕೆ ಹೀಗೆ ಎಂದು ಆವತ್ತು ಹೊಳೆಯಲಿಲ್ಲ.

ಸೋಮವಾರ ಸಂಜೆ ಹಟ್ಟಿಗೆ ಹೋದೆ. ವಿಷಯ ಅಲ್ಲಿಗೆ ಮುಟ್ಟಿಯಾಗಿತ್ತು. ಮೂಡಲ ಬಾಗಿಲ ಹೊರಗೆ ಹತ್ತಿಪ್ಪತ್ತು ಜನ ಸೇರಿದ್ದರು. ಹಟ್ಟಿಯ ಯಜಮಾನರು, ಎಂಬತ್ತು ದಾಟಿದವರು, ಕಂಬಳಿ ಹಾಸಿ ಕೂತಿದ್ದರು. ಕ್ಷೇತ್ರದ ಗಡಿ ತಮ್ಮ ಕಾಲದಲ್ಲೇ ಎರಡು ಸಲ ಬದಲಾದದ್ದನ್ನು ಅವರು ಕುರಿ ಗುರುತು ಹೇಳಿದಷ್ಟು ಸಲೀಸಾಗಿ ಹೇಳಿದರು. ಮೊದಲು ಮೂಡಲ ಸೀಮೆಯವರ ಜೊತೆ ಓಟು, ಹೊತ್ತು ಮೂಡುವ ಮುಂಚೆ ಬುತ್ತಿ ಕಟ್ಟಿಕೊಂಡು ಹೊರಡಬೇಕಿತ್ತು. ಆಮೇಲೆ ಪಡುವಲ ಸೀಮೆಯವರ ಜೊತೆ. ಈಗ ಮತ್ತೆ ಈಚೆಗೆ, ನಮ್ಮ ಶಾಲೆಯಲ್ಲಿ. ಇಷ್ಟು ಹೇಳಿ ನನ್ನ ಕೈಲಿದ್ದ ಹಾಳೆಯನ್ನು ನೋಡಿ ಕೇಳಿದರು.

"ಅದ್ರಾಗೆ ಏನಂತ ಬರ್ದವ್ರೆ ಕಣವ್ವ?"

ಸ್ಥಳಾಂತರಗೊಂಡಿದ್ದಾರೆ, ಇಲ್ಲಿ ವಾಸವಿಲ್ಲ ಎಂದು ಬರೆಯಲು ಹೇಳಿದ್ದಾರೆ ಎಂದೆ.

"ಕುರಿ ಹೊಡ್ಕಂಡು ಸೀಮೆ ಸೀಮೆ ತಿರುಗೋರು ನಾವು, ದಿಟ. ಆದ್ರೆ ಈ ಹಟ್ಟಿ ನಮ್ಮಜ್ಜನ ಕಾಲದಿಂದ ಒಂದು ಗೇಣು ಕದ್ಲಿಲ್ಲ. ವಲಸೆ ಹೋಗಿದ್ದು ನಿಮ್ ಗೆರೆ ಕಣವ್ವ, ನಾವಲ್ಲ."

ಅಷ್ಟರಲ್ಲಿ ಸ್ತ್ರೀಶಕ್ತಿ ಸಂಘ ನಡೆಸುವ ಹೆಂಗಸು ಮುಂದೆ ಬಂದಳು. ನಲವತ್ತರ ಆಸುಪಾಸು, ಎರಡು ಮಕ್ಕಳನ್ನು ನನ್ನ ಶಾಲೆಯಲ್ಲೇ ಓದಿಸಿದವಳು. ಮೊಬೈಲಿನಲ್ಲಿ ಮನೆಮನೆಯ ಗುರುತು ಹಾಕಿದ್ದು ಯಾರು ಎಂದು ಕೇಳಿದಳು. ನಾನೇ ಎಂದೆ. ಎರಡು ವರ್ಷದ ಹಿಂದೆ, ಪ್ರತಿ ಮನೆಯ ಬಾಗಿಲಿಗೂ ಹೋಗಿ, ಅಲ್ಲಿ ನಿಂತು ಮೊಬೈಲಿನಲ್ಲಿ ಸ್ಥಳದ ಗುರುತು ಒತ್ತಬೇಕು ಎಂದು ಆದೇಶವಿತ್ತು, ಹಾಗೆ ಒತ್ತಿದ್ದೇನೆ ಎಂದು ವಿವರಿಸಿದೆ.

"ಬಾಗಿಲಿಗೆ ಎಲ್ಲಿ ಬಂದ್ರಿ ಮೇಡಮ್ಮೋರೆ?" ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಪಡುವಲ ಕಡೆ ಹುಣ್ಸೆಮರದ ತಾವ ನಿಂತ್ಕಂಡು ನಮ್ಮನ್ನೆಲ್ಲ ಕೂಗಿದ್ರಿ. ನಾವೇ ಕಾರ್ಡು ಹಿಡ್ಕಂಡು ಒಬ್ಬೊಬ್ರಾಗಿ ಬಂದ್ವಲ್ಲ."

ಅವಳು ಹೇಳಿದ್ದು ಅಕ್ಷರಶಃ ನಿಜ.

ಇಲ್ಲಿ ಒಂದು ಮಾತು ಹೇಳಬೇಕು. ಹಟ್ಟಿಯ ಬೇಲಿಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಹಟ್ಟಿಯವರೇ ಹೊರಗೆ ಬಿಟ್ಟು ಹೋಗುತ್ತಾರೆ, ಬಂದವರೂ ಬಿಡಬೇಕು. ದೇವರಿರುವ ಜಾಗ, ಅವರ ಪದ್ಧತಿ. ದಂಡಿನಶಿವರದಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಬರಿಗಾಲಲ್ಲಿ ನಡೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ಹಿಮ್ಮಡಿ ಕಲ್ಲಿಗೆ ತಾಗಿದರೆ ಪ್ರಾಣ ಹೋದಂತಾಗುತ್ತಿತ್ತು. ಅದು ಅರ್ಧ ಕಾರಣ. ಉಳಿದರ್ಧ ಸೋಮಾರಿತನ. ಬಿಸಿಲು, ನೆರಳಿಗೆ ಹುಣಸೆಮರ, ಕೂಗಿದರೆ ಓಡಿ ಬರುವ ಜನ. ಮೂಡಲ ಬಾಗಿಲಲ್ಲಿ ತಡಿಕೆಗೆ ಒರಗಿ ನಿಂತು ಅಷ್ಟು ಮನೆಗಳ ಗುರುತು ಒತ್ತಿದೆ. ಆಮೇಲೆ ಬೇಲಿ ಸುತ್ತಿಕೊಂಡು ಪಡುವಲಿಗೆ ಹೋಗಿ, ಮರದ ಕೆಳಗೆ ನಿಂತು ಹತ್ತೊಂಬತ್ತು ಸಲ ಒತ್ತಿದೆ. ಮನೆಯ ಮುಂದೆ ನಿಂತಿದ್ದೀರಾ ಎಂದು ಮೊಬೈಲಿನ ಆ್ಯಪು ಕೇಳಿದ ಕಡೆಯೆಲ್ಲ ಹೌದು ಎಂದು ತುಂಬಿದೆ. ನನ್ನ ಪಟ್ಟಿ ಎರಡು ಗುಂಪಾದದ್ದು ಹೀಗೆ. ನನಗಿಂತ ಹಿಂದಿನವರು ಹಟ್ಟಿ ಸುತ್ತಿಯೇ ಬರೆದುಕೊಂಡಿದ್ದರು. ಸುತ್ತದಿದ್ದರೂ ಗೊತ್ತಾಗುತ್ತಿರಲಿಲ್ಲ, ಆಗ ಪುಸ್ತಕ ಪೆನ್ನಿನ ಕೆಲಸ, ಬರೆದವನು ಎಲ್ಲಿ ನಿಂತಿದ್ದ ಎನ್ನುವುದನ್ನು ಪೆನ್ನು ಹೇಳುವುದಿಲ್ಲ. ಎರಡೂ ಕಡೆ ಒಂದೇ ಕ್ಷೇತ್ರವಾಗಿದ್ದ ಕಾಲದಲ್ಲಂತೂ ಎಲ್ಲಿ ನಿಂತರೂ ನಡೆಯುತ್ತಿತ್ತು.

ಅಲ್ಲಿಂದಲೇ ಪರಿಚಯದ ಸರ್ವೆಯರ್ ಒಬ್ಬರಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಅವರು ಗ್ರಾಮನಕಾಶೆಯ ಪ್ರತಿ, ಅಳತೆಯ ಯಂತ್ರ ಎಲ್ಲ ತಂದರು. ಪಡುವಲ ತಡಿಕೆಗೂ ಹುಣಸೆಮರಕ್ಕೂ ನಡುವೆ ಒಂದು ಗಾಡಿಜಾಡು ಇದೆ. ನಕಾಶೆಯ ಪ್ರಕಾರ ಹೋಬಳಿಯ ಗಡಿ ಆ ಜಾಡಿನ ಮೇಲೇ ಹೋಗುತ್ತದೆ. ಸರ್ವೆಯರ್ ಗಡಿಕಲ್ಲು ಹುಡುಕಿದರು. ಒಂದು ಸಿಕ್ಕಿತು, ಇನ್ನೊಂದು ಯಾರದೋ ಬಚ್ಚಲ ಕಲ್ಲಾಗಿತ್ತು. ಒಂದನ್ನೇ ಹಿಡಿದು ಅಳೆದರು. ಹಟ್ಟಿಯ ಬೇಲಿ, ಅದರೊಳಗಿನ ಪ್ರತಿಯೊಂದು ಮನೆ ಗಡಿಯ ಈಚೆಗೆ. ಹುಣಸೆಮರ ಹದಿನಾಲ್ಕು ಹೆಜ್ಜೆ ಆಚೆಗೆ.

"ಮನೆಗಳೆಲ್ಲ ನೆಟ್ಟಗೇ ಅವೆ ಮೇಡಂ," ಎಂದರು ಅವರು, ನನ್ನ ಮೊಬೈಲಿನ ಚುಕ್ಕೆಗಳನ್ನು ದೊಡ್ಡದು ಮಾಡಿ ನೋಡುತ್ತ. "ಬೇರೆ ಕ್ಷೇತ್ರಕ್ಕೆ ಹೋಗಿದ್ದು ನೀವೊಬ್ರೇ. ಹತ್ತೊಂಬತ್ತು ಸಂಸಾರನ ಒಂದು ಮರದ ಕೆಳಗೆ ಇಟ್ಟಿದೀರಲ್ಲ, ಅಡಿಗೆ ಎಲ್ಲಿ ಮಾಡ್ಕೋತಾರಂತೆ?"

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆವತ್ತು ಅಳು ಬಂತು. ನಾಲ್ಕು ದಿನದಿಂದ ಕಚೇರಿಯವರನ್ನು, ಯಂತ್ರವನ್ನು, ಗಡಿ ಎಳೆದವರನ್ನು ಬಾಯಿಗೆ ಬಂದಂತೆ ಬೈದುಕೊಂಡು ತಿರುಗಿದ್ದೆ. ಹತ್ತೊಂಬತ್ತು ಮನೆಯನ್ನು ಗಡಿ ದಾಟಿಸಿದವಳು ನಾನೇ.

ಮಧ್ಯಾಹ್ನ ರಜೆ ಹಾಕಿ ಶಿರಸ್ತೇದಾರರ ಮುಂದೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದರು. ನನ್ನ ಮೇಲೆ ಅವರಿಗೆ ನಿಜವಾಗಿಯೂ ಕನಿಕರ ಇತ್ತು.

"ಸಿಗ್ನಲ್ ಇರ್ಲಿಲ್ಲ, ಆ್ಯಪ್ ತಪ್ಪು ಜಾಗ ತೋರ್ಸ್ತು ಅಂತ ಬರೀರಿ ಮೇಡಂ. ನಾನು ಮೇಲಕ್ಕೆ ಕಳಿಸ್ತೀನಿ. ಮನೆಗೆ ಹೋಗ್ದೆ ಹೋಗಿದೀನಿ ಅಂತ ತುಂಬ್ದೆ ಅಂತ ನೀವೇ ಬರ್ಕೊಟ್ರೆ ಅದು ಸುಳ್ಳು ವರದಿ ಆಗ್ತದೆ. ನೋಟಿಸ್ ಬರ್ತದೆ. ನಿವೃತ್ತಿ ಹೊತ್ನಲ್ಲಿ ಯಾಕೆ ಬೇಕು ನಿಮ್ಗೆ?"

ಸಿಗ್ನಲ್ ಎಂದು ಬರೆದರೆ ಕಡತ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ತಾಂತ್ರಿಕ ವಿಭಾಗಕ್ಕೆ, ಬೆಂಗಳೂರಿಗೆ. ಎಷ್ಟು ದಿನ ಹಿಡಿಯುತ್ತದೆ? ಹೇಳಲು ಬರುವುದಿಲ್ಲ. ಅಲ್ಲಿಯವರೆಗೆ ಹೆಸರುಗಳು? ಅವರು ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತರು. ಅಂತಿಮ ಪಟ್ಟಿ ಅಷ್ಟರಲ್ಲಿ ಹೊರಬಂದಿರುತ್ತದೆ, ಹೆಸರುಗಳು ಹೋಗಿರುತ್ತವೆ. ಇದು ಅವರಿಗೂ ಗೊತ್ತು, ನನಗೂ ಗೊತ್ತು.

ಆ ಕೋಣೆಯಲ್ಲೇ ಒಂದು ಬಿಳಿ ಹಾಳೆ ಕೇಳಿ ಇಸಿದುಕೊಂಡೆ. ಕಾರೆಹಟ್ಟಿಯ ಹತ್ತೊಂಬತ್ತು ಮನೆಗಳಿಗೆ ನಾನು ಖುದ್ದು ಭೇಟಿ ಕೊಟ್ಟಿರುವುದಿಲ್ಲ, ಗಡಿಯಾಚೆಯ ಹುಣಸೆಮರದ ಕೆಳಗೆ ನಿಂತು ಸ್ಥಳದ ಗುರುತು ಹಾಕಿರುತ್ತೇನೆ, ತಪ್ಪು ನಾನು ನಿಂತ ಜಾಗದ್ದೇ ಹೊರತು ಅವರ ಮನೆಗಳದ್ದಲ್ಲ, ಮರುಪರಿಶೀಲಿಸಲು ಅವಕಾಶ ಕೊಡಬೇಕು, ಸದರಿ ಮತದಾರರು ವಾಸವಿಲ್ಲವೆಂದು ವರದಿ ನೀಡಲು ನಾನು ಒಪ್ಪುವುದಿಲ್ಲ. ಕೊನೆಯ ಸಾಲನ್ನು ಬಿಡಿ ಎಂದು ಶಿರಸ್ತೇದಾರರು ಹೇಳಿದರು. ಅದರ ಕೆಳಗೆ ಗೆರೆ ಎಳೆದು ಸಹಿ ಹಾಕಿದೆ. ಸ್ವೀಕೃತಿ ಮೊಹರು ಒತ್ತಿಸಿಕೊಳ್ಳದೆ ಕುರ್ಚಿ ಬಿಟ್ಟೇಳಲಿಲ್ಲ.

ಅವಕಾಶ ಸಿಕ್ಕಿತು, ಮೂರು ದಿನದ್ದು. ಪಡುವಲ ತಡಿಕೆಯ ಹೊರಗೆ ಚಪ್ಪಲಿ ಬಿಟ್ಟೆ. ಅಷ್ಟು ವರ್ಷ ಹೊರಗಿನಿಂದಲೇ ಕೂಗಿದ್ದ ಹಟ್ಟಿಯನ್ನು ಒಳಗಿನಿಂದ ನೋಡಿದ್ದು ಆಗಲೇ. ಬೆಣಚುಕಲ್ಲಿನ ನೆಲ, ಅಲ್ಲಲ್ಲಿ ಉದುರಿದ ಕಾರೆಮುಳ್ಳು. ಸಂಘದ ಹೆಂಗಸು ನನ್ನ ಮುಂದೆ ಪೊರಕೆ ಹಿಡಿದು ದಾರಿ ಗುಡಿಸುತ್ತ ನಡೆದಳು. ಬೇಡ ಎಂದೆ. "ಸುಮ್ಕೆ ಬನ್ರಿ, ಮುಳ್ಳು ನೆಟ್ಟಿ ನೀವು ಮಲಿಕ್ಕಂಡ್ರೆ ನಮ್ ಓಟು ಯಾರು ನೋಡ್ತಾರೆ," ಎಂದಳು.

ಒಂದೊಂದು ಮನೆಗೂ ಇದೇ ಕ್ರಮ. ಹೊಸ್ತಿಲ ಮುಂದೆ ನಿಲ್ಲುವುದು, ಚುಕ್ಕೆ ಅಲುಗಾಡುವುದು ನಿಲ್ಲುವವರೆಗೆ ಕಾಯುವುದು, ಗುರುತು ಒತ್ತುವುದು, ಬಾಗಿಲ ಫೋಟೋ, ಮನೆಯ ಒಬ್ಬರ ಸಹಿ ಇಲ್ಲವೇ ಹೆಬ್ಬೆಟ್ಟು, ಅಕ್ಕಪಕ್ಕದ ಇಬ್ಬರು ಸಾಕ್ಷಿ. ಮೊದಲ ದಿನ ನಾಲ್ಕು ಮನೆ ಮುಗಿಯುವಷ್ಟರಲ್ಲಿ ಸರ್ವರ್ ಕೈಕೊಟ್ಟಿತು. ಎರಡನೆಯ ದಿನ ಹಿಮ್ಮಡಿ ಊರಲಾಗದೆ ಕುಂಟಿದೆ. ಆರು ಮನೆಗಳ ಗಂಡಸರು ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದರು, ಹಿಂದಿರುಗುವುದು ಇನ್ನೂ ತಿಂಗಳ ಮೇಲೆ. ಆ್ಯಪು ಇದ್ದಾರೋ ಇಲ್ಲವೋ ಎಂದು ಮಾತ್ರ ಕೇಳುತ್ತದೆ, ಎಲ್ಲಿ ಹೋಗಿದ್ದಾರೆ ಎಂದು ಕೇಳುವುದಿಲ್ಲ. ಮೇಯಿಸಲು ಹೋದವನು ಮನೆ ಬಿಟ್ಟವನಲ್ಲ, ತಾತ್ಕಾಲಿಕವಾಗಿ ಊರಲ್ಲಿಲ್ಲದ ಮಾತ್ರಕ್ಕೆ ಹೆಸರು ತೆಗೆಯುವಂತಿಲ್ಲ ಎಂದು ನಮಗೆ ಕೊಟ್ಟ ಕೈಪಿಡಿಯಲ್ಲೇ ಇದೆ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಆರು ಮನೆಯ ಕಾಗದಕ್ಕೂ ಲಗತ್ತಿಸಿದೆ. ಮೂರನೆಯ ದಿನ ಹೊತ್ತು ಮುಳುಗುವ ಮೊದಲು ಹತ್ತೊಂಬತ್ತನೆಯ ಹೊಸ್ತಿಲು ಮುಗಿಯಿತು. ಆ ಮನೆಯ ಮುದುಕಿ ಬಿಸಿನೀರು ತಂದು ನನ್ನ ಪಾದದ ಮೇಲೆ ಹೊಯ್ದಳು. ಬೇಡ ಅನ್ನುವಷ್ಟು ಬಲ ನನ್ನಲ್ಲಿ ಉಳಿದಿರಲಿಲ್ಲ.

ವಿಚಾರಣೆ ಮತದಾರರ ನೋಂದಣಾಧಿಕಾರಿಗಳ ಮುಂದೆ. ಚಿಕ್ಕ ವಯಸ್ಸಿನವರು, ಉತ್ತರದ ಜಿಲ್ಲೆಯ ಕಡೆಯವರು, ಮಾತು ಕಡಿಮೆ. ಹತ್ತೊಂಬತ್ತು ಮನೆಯಿಂದ ಒಬ್ಬೊಬ್ಬರಾದರೂ ಬರಬೇಕು ಎಂದು ನೋಟಿಸಿನಲ್ಲಿತ್ತು. ಒಂದು ಟೆಂಪೋ ತುಂಬ ಬಂದಿದ್ದರು. ಹಜಾರದಲ್ಲಿ ಜಾಗ ಸಾಲದೆ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತರು.

ಅಧಿಕಾರಿಗಳು ಎರಡು ವರ್ಷದ ಹಿಂದಿನ ನನ್ನ ವರದಿಯನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ತಲೆ ಎತ್ತಿ, ಇದರಲ್ಲಿ ಒಂದು ಸುಳ್ಳಿರಬೇಕಲ್ಲ ಎಂದರು. ಮೊದಲನೆಯದು ಸುಳ್ಳು ಎಂದೆ. ಶಿರಸ್ತೇದಾರರು ಮುಖ ತಿರುಗಿಸಿದರು. ಒಮ್ಮೆ ಸುಳ್ಳು ವರದಿ ಕೊಟ್ಟವರ ಎರಡನೆಯ ವರದಿಯನ್ನು ನಾನು ಹೇಗೆ ನಂಬಲಿ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಸಿದ್ಧವಾಗಿರಲಿಲ್ಲ ನಾನು. ಬಾಯಿಗೆ ಬಂದದ್ದನ್ನೇ ಹೇಳಿದೆ.

"ನನ್ನನ್ನ ನಂಬಬೇಡಿ ಸರ್. ಮೊದಲನೇದನ್ನ ನಂಬಿದ್ದಕ್ಕೇ ಇಷ್ಟಾಯ್ತು. ನಕಾಶೆ ನೋಡಿ, ಇಲ್ಲಾಂದ್ರೆ ನೀವೇ ಬಂದು ನೋಡಿ. ಮೆಟ್ಲ ಮೇಲೆ ಕೂತಿರೋರಿಗೆ ನೀವು ವಾಸವಿಲ್ಲ ಅಂತ ನಾನಂತೂ ಹೇಳಲ್ಲ. ಹೇಳೋದಾದ್ರೆ ನೀವು ಹೇಳಿ."

ಮೇಲಧಿಕಾರಿಯ ಮುಂದೆ ಅಂಥ ಮಾತನ್ನು ನಾನು ಸರ್ವಿಸಿನಲ್ಲಿ ಎಂದೂ ಆಡಿದವಳಲ್ಲ. ಆಡಬಾರದಿತ್ತು ಎಂದು ಈಗಲೂ ಅನ್ನಿಸಿಲ್ಲ. ಅವರು ಸರ್ವೆಯರನ್ನು ಕರೆಸಿ ಅಳತೆಯನ್ನು ಕೇಳಿಕೊಂಡರು. ನಕಾಶೆಯನ್ನು ತಾವೇ ಬಿಚ್ಚಿ ಗಾಡಿಜಾಡಿನ ಮೇಲೆ ಬೆರಳಾಡಿಸಿದರು. ಹೊಸ ಗುರುತುಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತೆಗೆಸಿ ನೋಡಿದರು. ಹತ್ತೊಂಬತ್ತು ಚುಕ್ಕೆಯೂ ಬೇಲಿಯೊಳಗೆ ಹರಡಿಕೊಂಡಿದ್ದವು.

ಅವರ ಆದೇಶ ವಾರದೊಳಗೆ ಬಂತು. ಎರಡು ಬಂದವು ಎನ್ನಬೇಕು. ಒಂದರಲ್ಲಿ ಕಾರೆಹಟ್ಟಿಯ ಹತ್ತೊಂಬತ್ತು ಮನೆಗಳ ಮತದಾರರ ಹೆಸರನ್ನು ಪಟ್ಟಿಯಲ್ಲಿ ಮುಂದುವರಿಸತಕ್ಕದ್ದು ಎಂದಿತ್ತು. ಇನ್ನೊಂದರಲ್ಲಿ ನನಗೆ ಕರ್ತವ್ಯಲೋಪದ ಎಚ್ಚರಿಕೆ, ಅದನ್ನು ಸೇವಾ ಪುಸ್ತಕದಲ್ಲಿ ದಾಖಲಿಸತಕ್ಕದ್ದು, ಅಂತಿಮ ಪಟ್ಟಿ ಪ್ರಕಟವಾದ ನಂತರ ಮತಗಟ್ಟೆ ಕೆಲಸದಿಂದ ಬಿಡುಗಡೆಗೊಳಿಸತಕ್ಕದ್ದು ಎಂದಿತ್ತು. ಎರಡಕ್ಕೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿ ತೆಗೆದುಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ನಾನು ಮಾಡಿದ್ದನ್ನು ನಾನು ಉಂಡೆ. ಅದನ್ನು ಹತ್ತೊಂಬತ್ತು ಮನೆಯವರ ಎಲೆಗೆ ಬಡಿಸಲು ಬಿಡಲಿಲ್ಲ ಎನ್ನುವುದಷ್ಟೇ ನನಗಿರುವ ಜಂಬ. ಕ್ಷೇತ್ರಗಳನ್ನು ಮತ್ತೆ ಹೊಸದಾಗಿ ವಿಂಗಡಿಸುತ್ತಾರೆ ಎಂದು ಈಗ ಎಲ್ಲರೂ ಮಾತಾಡುತ್ತಿದ್ದಾರೆ. ಗಡಿ ಎಲ್ಲಿಗಾದರೂ ಹೋಗಲಿ. ಆಚೆಗೋ ಈಚೆಗೋ ಎಂದು ಕೇಳಲು ಬರುವವರು ಮನೆಯ ಮುಂದೆ ಬಂದು ನಿಂತು ಕೇಳಲಿ.

ಅಂತಿಮ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು ಎಂದು ನಿಯಮವಿದೆ. ಸಾಮಾನ್ಯವಾಗಿ ಯಾರೂ ಪೂರ್ತಿ ಓದುವುದಿಲ್ಲ. ಓದಿದ್ದೇವೆ ಎಂದು ನಡಾವಳಿಯಲ್ಲಿ ಬರೆದು ಎದ್ದು ಹೋಗುತ್ತಾರೆ, ನಾನೂ ಹೋಗುತ್ತಿದ್ದೆ. ಅದು ಆ ಕೆಲಸದಲ್ಲಿ ನನ್ನ ಕೊನೆಯ ದಿನ. ಪಂಚಾಯ್ತಿ ಕಟ್ಟೆಯ ಮುಂದೆ ಊರಿನವರು, ಹಟ್ಟಿಯವರು ಎಲ್ಲ ಸೇರಿದ್ದರು. ನಾನು ಕುರ್ಚಿಯಿಂದ ಎದ್ದು ನಿಂತು ಮೊದಲ ಪುಟದಿಂದ ಶುರು ಮಾಡಿದೆ. ಊರಿನ ಹೆಸರುಗಳನ್ನು ಓದುವಾಗ ಜನ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕಾರೆಹಟ್ಟಿಯ ಪಡುವಲ ಬಾಗಿಲ ಮೊದಲ ಹೆಸರು ಓದಿದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, ಯಾರೂ ಕೇಳದಿದ್ದರೂ, "ಇದೀನಿ" ಎಂದಳು.

ಸಭೆಯಲ್ಲಿ ನಾಲ್ಕಾರು ಜನ ನಕ್ಕರು. ಎರಡನೆಯ ಹೆಸರಿಗೂ "ಇದೀನಿ" ಎಂದು ಬಂತು. ಮೂರನೆಯದಕ್ಕೆ ಯಜಮಾನರು ಕೂತಲ್ಲೇ ಕೋಲು ನೆಲಕ್ಕೆ ಊರಿ "ಇದೀನಿ ಕಣವ್ವ" ಎಂದರು. ಆಮೇಲೆ ನಗು ನಿಂತಿತು. ಹೆಸರು ಓದುವುದು, ಉತ್ತರಕ್ಕೆ ಕಾಯುವುದು, ಮುಂದಿನ ಹೆಸರು. ಕಾಯಬೇಕೆಂದು ಯಾವ ನಿಯಮದಲ್ಲೂ ಇಲ್ಲ. ನಾನು ಕಾದೆ.

ಹನ್ನೊಂದನೆಯ ಮನೆಯ ಮಗನ ಹೆಸರು ಓದಿದಾಗ ಯಾರೂ ಮಾತಾಡಲಿಲ್ಲ. ಕುರಿಯ ಜೊತೆ ಹೋದವರಲ್ಲಿ ಅವನೂ ಒಬ್ಬ. ಇನ್ನೊಮ್ಮೆ ಓದಿದೆ. ಅವನ ತಾಯಿ ಗಾಬರಿಯಿಂದ ಎದ್ದು ನಿಂತಳು.

"ಮೇಸಕ್ಕೋಗವ್ನೆ ಕಣವ್ವ, ಬತ್ತಾನೆ. ಅವ್ನೂ ಅವ್ನೆ ಅಂತ ಬರ್ಕಳವ್ವ."

"ಬರ್ಕೊಳೋದೇನಿಲ್ಲ ಕಣಮ್ಮ, ಕೂತ್ಕೋ," ಎಂದೆ. "ನಿನ್ ಮಗ ಎಲ್ಲಿದ್ರೂ ಅವನ ಹೆಸರು ಇಲ್ಲೇ ಇರುತ್ತೆ."

ಅವಳು ಕೂತ ಮೇಲೆ ಅವಳ ಹೆಸರು ಓದಿದೆ.